ಹೊಸ ಕಾರಿಗೆ ನಿನ್ನಮ್ಮನ ಉಣ್ಣೆ ಶಾಲು

ಲಿಂಬರ್ಟ್,

ನೀನು ಬುಕ್ ಮಾಡಿದ್ದ ಕೆಂಪು ಕಾರು ನೀನು ತೀರಿಕೊಂಡ ಮೇಲೆ ಮನೆಗೆ ಬಂತು. ನಿನ್ನೆ ಸರೋವರದ ದಡದ ಕೋಪಕಬಾನಾ ಮಾತೆಯ ಚರ್ಚಿಗೆ ಪೂಜೆಗೆ ಒಯ್ಯೋಣ ಅಂತ ಹೊರಗೆ ತೆಗೆದೆ. ಬಿಸಿಲು ಬಿದ್ದದ್ದೇ ಕಂಡಿತು: ಬಾನೆಟ್ ತುಂಬಾ ಜೇಡರ ಬಲೆಯಂಥ ಸಣ್ಣ ಗೀರುಗಳು.

"ನಾನೇ ಮಗಳೇ," ಅಂದರು ಅತ್ತೆ, ಬಾಗಿಲಲ್ಲೇ ನಿಂತು. "ನಮ್ಮ ಎಲ್ ಆಲ್ಟೋ ಊರಿನ ಧೂಳು ನಿಂಗೊತ್ತಲ್ಲ. ನೀನು ಏಳೋದರೊಳಗೆ ದಿನಾ ನನ್ನ ಉಣ್ಣೆ ಶಾಲಲ್ಲಿ ಒರೆಸ್ತಿದ್ದೆ. ಹಾಳು ಮಾಡಿಬಿಟ್ಟೆ."

ಬೈಗುಳ ನಾಲಿಗೆ ತುದಿಗೆ ಬಂದಿತ್ತು. ಅವರ ಮುಖ ನೋಡಿ ನುಂಗಿಕೊಂಡೆ. ಗೀರುಗಳ ಮೇಲೆ ಉಗುರು ಆಡಿಸಿದೆ; ಎಲ್ಲೂ ಸಿಕ್ಕಿಕೊಳ್ಳಲಿಲ್ಲ.

"ಬಣ್ಣಕ್ಕೇನೂ ಆಗಿಲ್ಲ ಅತ್ತೆ, ಮೇಲಿನ ಹೊಳಪಿಗೆ ಅಷ್ಟೇ."

ಕಾರು ತೊಳೆದು ನೆರಳಿಗೆ ತಂದೆ. ಮೆತ್ತನೆ ಬಟ್ಟೆಗೆ ಪಾಲಿಶ್ ಹಚ್ಚಿ, ಒಂದೊಂದು ಅಂಗೈಯಗಲ ಜಾಗ ಹಿಡಿದು ಇಬ್ಬರೂ ಉಜ್ಜಿದೆವು. ಗೀರು ಮಾಯವಾಗಿ ಬಾನೆಟ್‌ನಲ್ಲಿ ನಮ್ಮ ಮುಖ ಕಂಡಿತು.

"ಅಯ್ಯೋ, ಎಷ್ಟು ಮುದುಕಿ ಆಗಿದ್ದೀನಿ! ಗೀರುಗಳೇ ವಾಸಿಯಿತ್ತು," ಅಂದರು ಅತ್ತೆ.

ಚರ್ಚಿನ ಮುಂದೆ ಪಾದ್ರಿ ತೀರ್ಥ ಚಿಮುಕಿಸಿದರು. ಅತ್ತೆ ವಾಡಿಕೆಯಂತೆ ಬಿಯರ್ ಬಾಟಲಿ ಕುಲುಕಿ ನಾಲ್ಕೂ ಚಕ್ರಕ್ಕೆ ಚೆಲ್ಲಿದರು. ವಾಪಸ್ ಹೊರಟಾಗ ನನ್ನ ಪಕ್ಕದಲ್ಲೇ ಬಂದು ಕೂತರು.

ನೀನು ಹೋದಾಗಿನಿಂದ ನಿನ್ನ ಹೆಸರನ್ನು ಅವರೂ ಎತ್ತಿರಲಿಲ್ಲ, ನಾನೂ ಎತ್ತಿರಲಿಲ್ಲ. ಸರೋವರದ ತಿರುವಿನಲ್ಲಿ ಅವರು ಇದ್ದಕ್ಕಿದ್ದಂತೆ, "ಲಿಂಬರ್ಟ್ ಆಗಿದ್ದರೆ ಇಷ್ಟೊತ್ತಿಗೆ ಹಾಡೋಕೆ ಶುರು ಮಾಡ್ತಿದ್ದ. ನಾವು ಕಿವಿ ಮುಚ್ಕೊಂಡು ಕೂರಬೇಕಿತ್ತು," ಅಂದರು.

ನನಗೆ ನಗು ತಡೆಯಲಾಗಲಿಲ್ಲ. ಮನೆ ಮುಟ್ಟುವವರೆಗೂ ನಿನ್ನ ಮಾತೇ ಆಡಿದೆವು.

ನಿನ್ನ ನೆಲ್ಫಾ