ಇಂದಿನವರೆಗೆ ಅವಿವಾಹಿತೆ

ಜನವರಿ 20, ಸೋಮವಾರ

ಬೆಳಗ್ಗೆಯಿಂದ ಒಂಬತ್ತು ಸೀರೆಗೆ ಫಾಲ್ಸ್ ಮುಗಿಯಿತು. ಹತ್ತನೆಯದಕ್ಕೆ ದಾರದ ಬಣ್ಣ ಹೊಂದುತ್ತಿಲ್ಲ. ಹುಡುಕುತ್ತಿರುವಾಗ ಪೋಸ್ಟ್‌ಮ್ಯಾನ್. ನಾಡಕಚೇರಿಯಿಂದ ನೋಟಿಸ್.

ನನ್ನ ಮನಸ್ವಿನಿ ಪಿಂಚಣಿಯನ್ನು ಮರುಪರಿಶೀಲನೆ ಮಾಡುತ್ತಾರಂತೆ. ಮದುವೆಯಾಗದ ಹೆಂಗಸರಿಗೆ ಕೊಡುವ ಪಿಂಚಣಿಯನ್ನು ‘ಶಶಿಕಲಾ ಎಂಬುವವರು ಮದುವೆಯಾಗಿಯೂ ಪಡೆಯುತ್ತಿದ್ದಾರೆ’ ಎಂದು ಯಾರೋ ಸಹಿಯಿಲ್ಲದ ಅರ್ಜಿ ಹಾಕಿದ್ದಾರೆ. ಗಂಡನ ಹೆಸರನ್ನೂ ಅವರೇ ಕೊಟ್ಟಿದ್ದಾರೆ — ಭೈರೇಶ್, ಮಿಕ್ಸಿ ರಿಪೇರಿ ಅಂಗಡಿ, ಹೊಸಹಳ್ಳಿ.

ಓದಿ ನಕ್ಕುಬಿಟ್ಟೆ. ಐವತ್ತೊಂದನೇ ವಯಸ್ಸಿನಲ್ಲಿ, ನನಗೇ ಗೊತ್ತಿಲ್ಲದೆ ಮದುವೆ!

ಆಮೇಲೆ ಲೆಕ್ಕ ಹಾಕಿದೆ. ಹೊಲಿಗೆಯಲ್ಲಿ ಬಂದದ್ದು ಬಾಡಿಗೆಗೆ, ಗ್ಯಾಸಿಗೆ, ಅಮ್ಮ ಇದ್ದಷ್ಟು ದಿನ ಅಮ್ಮನ ಔಷಧಿಗೆ. ನನ್ನದು ಎಂದು ಇರುವುದು ಈ ಪಿಂಚಣಿ ಒಂದೇ. ತಿಂಗಳಿಗೊಮ್ಮೆ ಒಬ್ಬಳೇ ಮೆಟ್ರೊ ಹತ್ತಿ ಕೆಂಗೇರಿಗೆ ಹೋಗಿ, ಮಸಾಲೆ ದೋಸೆ ತಿಂದು, ಯಾರಿಗೂ ಏನೂ ಹೇಳದೆ ವಾಪಸ್ ಬರುತ್ತೇನಲ್ಲ... ಅದು ಹೋದರೆ?

ಜನವರಿ 21

ಕೆಳಗಿನ ಮನೆಯ ಜಯದೇವಿ ಆಂಟಿಗೆ ನೋಟಿಸ್ ತೋರಿಸಿದೆ. ಓನರ್ ಅವರೇ. ಹೇಳದೆ ಇರುವಂತಿಲ್ಲ.

‘ಭೈರೇಶ್ ಹೊಲಿಗೆ ಮೆಷಿನ್ ಮೋಟರ್ ರಿಪೇರಿಗೆ ಬರ್ತಾರೆ ಆಂಟಿ, ಅಷ್ಟೆ.’

‘ವಾರಕ್ಕೆ ಮೂರು ಸಲ ಕೆಡೋ ಮೋಟರ್ ಎಲ್ಲಿ ಸಿಕ್ತೇ ನಿಂಗೆ?’

ನೋಟಿಸ್ ಮಡಚಿಕೊಂಡು ಮೇಲೆ ಬಂದೆ.

ಸಂಜೆ ಹೊಸಹಳ್ಳಿಗೆ ಹೋದೆ. ಭೈರೇಶ್ ಯಾರದೋ ಮಿಕ್ಸಿ ಬಿಚ್ಚಿಕೊಂಡು ಕೂತಿದ್ದರು. ನೋಟಿಸನ್ನು ಎರಡು ಸಲ ಓದಿದರು. ತಮ್ಮ ಹೆಸರಿನ ಮೇಲೆ ಬೆರಳಿಟ್ಟರು. ಹೆಂಡತಿ ತೀರಿಕೊಂಡು ಒಂಬತ್ತು ವರ್ಷವಾದ ಮನುಷ್ಯ. ಈ ಮಾತೆಲ್ಲ ಅವರಿಗೆ ಯಾಕೆ?

‘ವಿಚಾರಣೆ ಮುಗಿಯೋ ತನಕ ಮನೆ ಕಡೆ ಬರ್ಬೇಡಿ’ ಎಂದೆ.

‘ಆಯ್ತು. ಮೋಟರ್ ಕೆಟ್ರೆ?’

‘ಕೆಡಲ್ಲ.’

‘ಹೌದು... ಕೆಡಲ್ಲ’ ಎಂದರು.

ಜನವರಿ 30, ಗುರುವಾರ

ಒಂಬತ್ತು ದಿನ ಬರೆದಿಲ್ಲ. ಬರೆಯುವಂಥದ್ದು ಏನೂ ಇರಲಿಲ್ಲ. ಸಂಜೆ ಕಾಫಿ ಹೆಚ್ಚಾಗುತ್ತಿದೆ. ಆಂಟಿಗೆ ಕೊಟ್ಟು ಬರುತ್ತೇನೆ. ಅವರು ಏನೂ ಕೇಳದೆ ಕುಡಿಯುತ್ತಾರೆ. ಕಣ್ಣಲ್ಲಿ ಮಾತ್ರ ನಗು.

ಇವತ್ತು ರೆವಿನ್ಯೂ ಇನ್ಸ್‌ಪೆಕ್ಟರ್ ಬಂದರು. ಹೆಸರು ಉಗ್ರಪ್ಪ. ಹೆಸರು ಕೇಳಿ ದೊಡ್ಡ ಆಳು ಅಂದುಕೊಂಡಿದ್ದೆ. ನೋಡಿದರೆ ಸಣಕಲು ಆಸಾಮಿ. ‘ನಾಯಿ ಎತ್ಕೊಂಡೋಗ್ತವೆ, ಚಪ್ಪಲಿ ಒಳಗೆ ಬಿಡ್ಲಾಮ್ಮ?’ ಎಂದು ಕೇಳಿ ಬಂದರು.

ಇರುವ ಒಂದು ರೂಮನ್ನು ನೋಡಲು ಎಷ್ಟು ಹೊತ್ತು? ಫೈಲ್ ತೆಗೆದರು.

‘ಮದುವೆ ಆಗಿಲ್ಲ ಅನ್ನೋದಕ್ಕೆ ದಾಖಲೆ ಏನಿದೆಯಮ್ಮ?’

‘ಆಗಿದ್ರೆ ದಾಖಲೆ ಇರ್ತಿತ್ತು ಸಾರ್. ಆಗದೆ ಇದ್ದಿದ್ದಕ್ಕೆ ಎಲ್ಲಿಂದ ತರ್ಲಿ?’

ತಲೆ ಕೆರೆದುಕೊಂಡರು. ‘ಅದೂ ನಿಜಾನೇ.’

ಅಷ್ಟರಲ್ಲಿ ಆಂಟಿ ಮೆಟ್ಟಿಲು ಹತ್ತಿ ಬಂದರು, ಏದುಸಿರು ಬಿಡುತ್ತ. ‘ಹನ್ನೆರಡು ವರ್ಷದಿಂದ ನಮ್ಮನೇಲಿದಾಳೆ. ಮದುವೆ ಆಗಿದ್ರೆ ನಂಗೊಂದು ಊಟ ಹಾಕಿಸ್ದೆ ಇರ್ತಿದ್ಲಾ?’

ಉಗ್ರಪ್ಪ ಅದನ್ನೂ ಬರೆದುಕೊಂಡರು. ಮುಂದಿನ ಗುರುವಾರ ಆಫೀಸಿಗೆ ಬರಬೇಕಂತೆ. ನಾನೂ, ಭೈರೇಶ್ ಕೂಡ.

ಫೆಬ್ರುವರಿ 6, ಗುರುವಾರ, ಮಧ್ಯಾಹ್ನ 3.00

ಈಗ ತಾನೇ ಬಂದೆ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಭೈರೇಶ್ ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ನನಗಿಂತ ಮೊದಲೇ ಬಂದು ಕೂತಿದ್ದರು. ನಾನೂ ಕೂತೆ. ನಡುವೆ ಒಂದು ಖಾಲಿ ಕುರ್ಚಿ.

ಉಗ್ರಪ್ಪ ಮೊದಲು ಭೈರೇಶ್ ಅವರನ್ನೇ ಕೇಳಿದರು. ‘ಇವರಿಗೂ ನಿಮಗೂ ಏನು ಸಂಬಂಧ?’

‘ಸದ್ಯಕ್ಕೆ ಏನಿಲ್ಲ ಸಾರ್.’

‘ಸದ್ಯಕ್ಕೆ ಅಂದ್ರೆ?’

ಭೈರೇಶ್ ನನ್ನ ಕಡೆ ನೋಡಲಿಲ್ಲ. ಮೇಜಿನ ಮೇಲಿದ್ದ ಸೀಲನ್ನು ನೋಡಿಕೊಂಡು, ‘ಇನ್ನೂ ಕೇಳಿಲ್ಲ ಸಾರ್ ಅವರನ್ನ’ ಎಂದರು.

ಪೆನ್ ನಿಂತಿತು. ಪಕ್ಕದ ಮೇಜಿನವರು ಕಂಪ್ಯೂಟರ್ ಬಿಟ್ಟು ಇತ್ತ ತಿರುಗಿದರು.

‘ಇದನ್ನ ಬರ್ಕೊಳ್ಳಲಾ?’ ಉಗ್ರಪ್ಪ ನನ್ನನ್ನು ಕೇಳಿದರು, ಬಹಳ ಮೆತ್ತಗೆ.

ನಾನು ಬಿಸಿಲಿಗೆ ತಂದಿದ್ದ ಛತ್ರಿಯ ಹಿಡಿ ತಿರುಗಿಸುತ್ತ ಕೂತೆ. ಅವರೇ ಬರೆದು ಓದಿ ಹೇಳಿದರು: ‘ಸದರಿ ಫಲಾನುಭವಿಯು ಇಂದಿನವರೆಗೆ ಅವಿವಾಹಿತೆ.’ ಇಂದಿನವರೆಗೆ ಎನ್ನುವ ಪದದ ಕೆಳಗೆ ಒಂದು ಗೆರೆ ಎಳೆದರು. ಸಹಿ ಹಾಕಿ ಓಡಿ ಬಂದೆ. ಛತ್ರಿ ಅಲ್ಲೇ ಬಿಟ್ಟೆ.

ಫೆಬ್ರುವರಿ 8

ಭೈರೇಶ್ ಛತ್ರಿ ತಂದುಕೊಟ್ಟರು. ಗೇಟಿನಿಂದ ಒಳಗೆ ಬರಲಿಲ್ಲ.

‘ಆಫೀಸಲ್ಲಿ ಹಂಗೆ ಹೇಳ್ಬಾರ್ದಿತ್ತು. ಸುಳ್ಳು ಹೇಳೋಕೆ ಬರ್ಲಿಲ್ಲ’ ಎಂದರು. ‘ಪಿಂಚಣಿ ನಿಮ್ಮದು. ನನ್ನಿಂದ ಅದು ಹೋಗೋದು ಬೇಡ. ನೀವು ಆಗಲ್ಲ ಅಂದ್ರೂ ಮೋಟರ್ ನೋಡೋಕೆ ಬಂದೇ ಬರ್ತೀನಿ.’

‘ಯೋಚ್ನೆ ಮಾಡ್ತೀನಿ’ ಎಂದೆ.

ಅವರು ತಲೆಯಾಡಿಸಿ ಹೋದರು. ಒಂದು ಸಲವೂ ತಿರುಗಿ ನೋಡಲಿಲ್ಲ, ಅವಸರ ಮಾಡಿದಂತಾದೀತು ಎಂದು. ಅದು ನನಗೆ ಗೊತ್ತಾಯಿತು.

ಫೆಬ್ರುವರಿ 28, ಶುಕ್ರವಾರ

ಆದೇಶ ಬಂತು. ‘ದೂರು ನಿರಾಧಾರ. ಪಿಂಚಣಿ ಮುಂದುವರಿಸಲಾಗಿದೆ.’ ಗೆದ್ದೆ!! ಆಂಟಿ ಬಾಯಿಗೆ ಸಕ್ಕರೆ ಹಾಕಿದರು. ಕೆಂಗೇರಿಗೆ ಹೋಗಿ ದೋಸೆ ತಿಂದೆ.

ಮೊದಲ ಸಲ ಎದುರಿನ ಕುರ್ಚಿ ಖಾಲಿ ಅನ್ನಿಸಿತು. ದೋಸೆ ಚೆನ್ನಾಗಿಯೇ ಇತ್ತು.

ಮಾರ್ಚ್ 3, ಸೋಮವಾರ

ಬೆಳಗ್ಗೆ ಹತ್ತಕ್ಕೇ ನಾಡಕಚೇರಿ.

‘ಇನ್ನೇನಮ್ಮ? ಆರ್ಡರ್ ಆಯ್ತಲ್ಲ’ ಎಂದರು ಉಗ್ರಪ್ಪ.

‘ಪಿಂಚಣಿ ಬಿಟ್ಟುಕೊಡೋಕೆ ಯಾವ ಫಾರಂ ಸಾರ್?’

ಅವರು ಎದ್ದು ನಿಂತರು. ‘ಹತ್ತೊಂಬತ್ತು ವರ್ಷದ ಸರ್ವೀಸಲ್ಲಿ ಒಬ್ಬರೂ ಇದನ್ನ ಕೇಳಿಲ್ಲ. ಬಿಳಿ ಹಾಳೇಲಿ ಬರ್ಕೊಡಿ. ಕಾರಣ ಬರೀಬೇಕು.’

ಬರೆದೆ: ‘ಕಾರಣ — ವಿವಾಹ.’ ನನ್ನ ಅಕ್ಷರ ಇಷ್ಟು ದುಂಡಗೆ ಯಾವತ್ತೂ ಬಂದಿರಲಿಲ್ಲ. ಸೀಲು ಹಾಕಿಸಿಕೊಂಡು ಒಂದು ಜೆರಾಕ್ಸ್ ತೆಗೆಸಿದೆ.

ಅಂಗಡಿಯಲ್ಲಿ ಭೈರೇಶ್ ಮುಂದೆ ಆ ಜೆರಾಕ್ಸ್ ಇಟ್ಟೆ. ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

‘ಯಾರ ಜೊತೆ ಅಂತ ಬರ್ದಿಲ್ವಲ್ಲ?’

‘ಅರ್ಜಿ ಹಾಕ್ದೋರು ಆಗ್ಲೇ ಬರ್ದಿದಾರಲ್ಲ!’

ಅವರು ಜೋರಾಗಿ ನಗುವುದನ್ನು ಇವತ್ತೇ ಕೇಳಿದ್ದು. ಪಕ್ಕದ ಅಂಗಡಿಯವರು ಬಗ್ಗಿ ನೋಡಿದರು. ಆ ಸಹಿಯಿಲ್ಲದ ಮಹಾನುಭಾವರು ಯಾರೆಂದು ಗೊತ್ತಿದ್ದರೆ ಮೊದಲ ಲಗ್ನಪತ್ರಿಕೆ ಅವರಿಗೇ.

ಏಪ್ರಿಲ್ 20, ಭಾನುವಾರ, ಬೆಳಗ್ಗೆ 6.10

ತಲೆಗೆ ಸ್ನಾನ ಆಯಿತು. ಮಲ್ಲಿಗೆ ಜಾಸ್ತಿಯಾಯಿತು, ಆಂಟಿ ಕೇಳುವುದಿಲ್ಲ. ಎರಡು ನಿಮಿಷ ಬಿಡಿ ಎಂದು ಹೇಳಿ ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ.

ಒಂದು ಚಿಂತೆ ಉಳಿದಿದೆ. ಇವತ್ತಿಂದ ಅವರನ್ನು ಏನೆಂದು ಕರೆಯುವುದು? ‘ಭೈರೇಶ್ ಅವರೇ’ ಎಂದರೆ ಅಂಗಡಿಗೆ ಬಂದ ಗಿರಾಕಿಯಂತೆ. ‘ರೀ’ ಎಂದು ಅಭ್ಯಾಸ ಮಾಡಿದೆ, ಬಚ್ಚಲಲ್ಲಿ, ನಲ್ಲಿ ಜೋರಾಗಿ ಬಿಟ್ಟುಕೊಂಡು. ನಗು ತಡೆಯಲಾಗಲಿಲ್ಲ. ಈ ವಯಸ್ಸಿನಲ್ಲಿ ಇಷ್ಟು ನಾಚಿಕೆ ಎಲ್ಲಿ ಅಡಗಿತ್ತು?

ಕೆಳಗೆ ಹಾರ್ನ್. ಆಟೋ ಬಂತು ಅನ್ನಿಸುತ್ತೆ. ಕಿಟಕಿಯಿಂದ ಬಗ್ಗಿ ನೋಡಿದೆ. ಅಯ್ಯೋ, ಇವರೇ! ನೇರ ದೇವಸ್ಥಾನಕ್ಕೆ ಹೋಗಿ ಎಂದಿದ್ದೆ, ಇಲ್ಲಿಗೇ ಬಂದಿದ್ದಾರೆ. ಮೇಲೆ ನೋಡುತ್ತಿದ್ದಾರೆ. ಕರೆಯಲೇಬೇಕು. ರೀ—