ಕೆಂಪು ಶಾಯಿಯ ಹೆಸರು

ಮಿಸ್ ಹಾರ್ಗ್ರೀವ್ ಅವರಿಗೆ,

ನನ್ನ ಅಕ್ಕ ತೀರಿಕೊಂಡು ಹದಿನೈದು ದಿನವಾಯಿತು. ನನ್ನ ಮಗಳಿಗೆ ಇಟ್ಟಿರುವುದು ಅವಳದೇ ಹೆಸರು. ಹಿರಿಯರು ಒಪ್ಪುವವರೆಗೆ ಅದು ಯಾರ ಬಾಯಲ್ಲೂ ಬರುವಂತಿಲ್ಲ. ಅಲ್ಲಿಯವರೆಗೆ ಮಗಳನ್ನು ನಾವು ಕುಮಂಜಾಯಿ ಎನ್ನುತ್ತೇವೆ; ತೀರಿಕೊಂಡವರ ಹೆಸರಿರುವ ಯಾರನ್ನೇ ಆದರೂ ನಮ್ಮಲ್ಲಿ ಕರೆಯುವುದು ಹಾಗೆಯೇ.

ಧರ್ಮಗಳ ಪರಿಚಯದ ಪರೀಕ್ಷೆಯಲ್ಲಿ ಅವಳು ಹೆಸರಿನ ಜಾಗವನ್ನು ಖಾಲಿ ಬಿಟ್ಟಿದ್ದಳು. ನಿನ್ನೆ ಹಾಳೆ ಹಂಚುವಾಗ ನೀವು, "ಯಾಕಮ್ಮಾ, ನಿನ್ನ ಹೆಸ್ರೇ ಮರ್ತೋಯ್ತಾ?" ಅಂದಿರಂತೆ. ಕೆಂಪು ಶಾಯಿಯಲ್ಲಿ ಆ ಹೆಸರನ್ನು ನೀವೇ ಬರೆದು ಮೂರು ಸಲ ಕೂಗಿದಿರಂತೆ. ಅದೇ ತರಗತಿಯಲ್ಲಿದ್ದ ಅಕ್ಕನ ಮಗಳು ತನ್ನ ತಾಯಿಯ ಹೆಸರು ಕೇಳಿ ಎದ್ದುಹೋದವಳು ಇನ್ನೂ ಮನೆಗೆ ಬಂದಿಲ್ಲ. ಹುಡುಕುತ್ತಿದ್ದೇವೆ.

ಹಾಜರಿ ಪುಸ್ತಕದಲ್ಲಿ ಕುಮಂಜಾಯಿ ಎಂದು ಬರೆದುಕೊಳ್ಳಿ. ಹಾಳೆಯನ್ನು ವಾಪಸ್ ಕಳಿಸಿದ್ದೇನೆ, ನಾಲ್ಕನೇ ಪ್ರಶ್ನೆ ನೋಡಿ: 'ಆಸ್ಟ್ರೇಲಿಯಾದ ಮೂಲನಿವಾಸಿಗಳು ಸತ್ತವರ ಹೆಸರನ್ನು ಯಾಕೆ ಹೇಳುವುದಿಲ್ಲ?' ಅವಳ ಉತ್ತರಕ್ಕೆ ನೀವು ಪೂರ್ತಿ ಅಂಕ ಕೊಟ್ಟಿದ್ದೀರಿ.

ಇಂತಿ,
ಡೊರೀನ್ ನುಂಗರಾಯಿ,
ಕುಮಂಜಾಯಿಯ ತಾಯಿ