ಮಲ್ಲವ್ವನ ಡಬ್ಬಿಗೆ ಓಗೊಟ್ಟವರು

ಬಿಲ್ಲಾರಾ, ವಿಕ್ಟೋರಿಯಾ
ಭಾನುವಾರ, 12 ಅಕ್ಟೋಬರ್ 2025

ಮುದ್ದಿನ ಮಗಳು ಮಾಧುರಿಗೆ,

ಗೋಧಿ ಹೊಲಗಳ ನಡುವೆ ಕೂತು ನಿನ್ನ ಅವ್ವ ಮನಸಾರೆ ಮಾಡುವ ಆಶೀರ್ವಾದ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಾನಂತೂ ಬೇಕಾದ್ದಕ್ಕಿಂತ ಹೆಚ್ಚೇ ಚೆನ್ನಾಗಿದ್ದೇನೆ.

ದಿನಾ ಫೋನಿನಲ್ಲಿ ಮಾತಾಡುವವಳು ಕಾಗದ ಯಾಕೆ ಬರೆದಳು ಎಂದು ಹುಬ್ಬು ಗಂಟಿಕ್ಕಬೇಡ. ಫೋನಿನಲ್ಲಿ ನೀನು, ‘ಅವ್ವಾ, ಕಿರಣನ್ನ ಕೇಳಿದ್ಯೋ ಇಲ್ಲೋ’ ಎಂದು ನೇರವಾಗಿ ಕೇಳಿಬಿಡುತ್ತೀಯ. ನಾನು ಸಿಗ್ನಲ್ ಇಲ್ಲ ಎನ್ನುತ್ತೇನೆ. ಸಿಗ್ನಲ್ ಇಲ್ಲಿ ಚೆನ್ನಾಗಿಯೇ ಇದೆ. ಕಾಗದವಾದರೆ ನಾನು ಮುಗಿಸುವವರೆಗೆ ನೀನು ಸುಮ್ಮನಿರಲೇಬೇಕು. ಕನ್ನಡ ಸಾಲಿಯಲ್ಲಿ ಅಷ್ಟು ವರ್ಷ ಪಾಠ ಹೇಳಿದ ಅಕ್ಕೋರಿಗೆ ಅಷ್ಟೂ ಹಕ್ಕಿಲ್ಲವೇ?

ನೀನು ನನ್ನನ್ನು ಕಳಿಸಿದ್ದು ಯಾಕೆಂಬುದು ಮರೆತಿಲ್ಲ. ತಮ್ಮ ಕಿರಣ ಮೆಲ್ಬರ್ನಿನ ಟ್ರುಗನಿನಾದ ಮನೆ ಬಿಟ್ಟು ಯಾವುದೋ ಮೂಲೆಗೆ ಹೋಗಿ ಕೂತಿದ್ದಾನೆ, ಅವನ ಹೆಂಡತಿ ನಿವೇದಿತಾ ಅಲ್ಲಿ ಔಷಧದ ಅಂಗಡಿ ನಡೆಸುತ್ತಾಳೆ, ಮಗಳು ಅನಘಾಗೆ ಡ್ಯಾನ್ಸ್ ಕ್ಲಾಸಿಲ್ಲ, ಟ್ಯೂಶನ್ ಇಲ್ಲ ಎಂದು ನಿನ್ನ ಕೊರಗು. ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿ ನಿನ್ನ ಹಿಂದಿನ ಬೀದಿಯಲ್ಲೇ ಅವರಿಗೆ ಮನೆ ನೋಡಿದೆ, ನಿವೇದಿತಾಗೆ ಕೆಲಸವನ್ನೂ ಗೊತ್ತು ಮಾಡಿದೆ. ಅವ್ವನ ಮಾತನ್ನು ಕಿರಣ ತೆಗೆದುಹಾಕುವುದಿಲ್ಲ, ದೀಪಾವಳಿಯೊಳಗೆ ಎಲ್ಲರನ್ನೂ ಕರೆದುಕೊಂಡೇ ಬಾ ಎಂದು ನನ್ನನ್ನು ವಿಮಾನ ಹತ್ತಿಸಿದೆ. ಎರಡು ವಾರಕ್ಕೆಂದು ಬಂದವಳಿಗೆ ತಿಂಗಳು ದಾಟಿತು. ಕಿರಣ ಏನೆಂದ ಎಂಬುದನ್ನು ಕೊನೆಗೆ ಬರೆಯುತ್ತೇನೆ. ಮೊದಲು ಪಾತ್ರೆಗಳ ಕಥೆ ಕೇಳು, ಎಲ್ಲವೂ ಅಲ್ಲಿಂದಲೇ ಶುರುವಾದದ್ದು.

ನಾನು ಬಂದ ಮೂರನೆಯ ದಿನ ಪಕ್ಕದ ಮನೆಯ ಜೋನ್ ಎಂಬ ಮುದುಕಿ ಗಾಜಿನ ಪಾತ್ರೆಯ ತುಂಬ ಕುಂಬಳಕಾಯಿ ಸೂಪ್ ತಂದಳು. ಎಂಬತ್ತು ದಾಟಿದ ಹೆಂಗಸು, ತಾನೇ ಕಾರು ಓಡಿಸುತ್ತಾಳೆ, ಅದೂ ರಸ್ತೆಯ ನಟ್ಟ ನಡುವೆ. ನಮ್ಮ ಮನೆಯಿಂದ ಪಾತ್ರೆ ಖಾಲಿ ಹಿಂದಿರುಗಿದ್ದು ನೀನು ಕಂಡಿದ್ದೀಯಾ? ಮಸಾಲೆ ಹಚ್ಚಿದ ಅವಲಕ್ಕಿ ತುಂಬಿ ಕೊಟ್ಟುಬಂದೆ. ಅವಳಿಗೆ ಏನನ್ನಿಸಿತೋ, ಮರುದಿನ ಅದೇ ಪಾತ್ರೆಯಲ್ಲಿ ನಿಂಬೆಹಣ್ಣಿನ ಕೇಕ್ ಬಂತು. ನಾನು ಶೇಂಗಾ ಉಂಡಿ ಕಳಿಸಿದೆ, ಅವಳು ಏಪ್ರಿಕಾಟ್ ಜಾಮ್ ಕಳಿಸಿದಳು. ಪಾತ್ರೆ ಖಾಲಿ ತಿರುಗಿ ಬಂದರೆ ಇಲ್ಲಿಯವರಿಗೆ ವ್ಯವಹಾರ ಮುಗಿದಂತೆ, ತುಂಬಿ ಬಂದರೆ ಅವರಿಗೂ ಸುಮ್ಮನೆ ಕೂರಲಾಗುವುದಿಲ್ಲ ಎಂದು ನಿವೇದಿತಾ ತಡವಾಗಿ ತಿಳಿಸಿದಳು. ಅಷ್ಟರಲ್ಲಿ ಜೋನಳ ತಂಗಿ, ಅಂಚೆ ಕಚೇರಿಯವಳು, ಬೆಂಕಿ ಆರಿಸುವ ದಳದ ಕ್ಯಾಪ್ಟನ್ನನ ಹೆಂಡತಿ, ಎಲ್ಲರೂ ಸೇರಿಕೊಂಡಿದ್ದರು. ಮೊದಲು ನಿಲ್ಲಿಸಲು ಯಾರೂ ತಯಾರಿಲ್ಲ. ಕಿರಣ ಫ್ರಿಜ್ ತೆರೆದು ನಿಂತು, ‘ಅವ್ವಾ, ಇದು ನಮ್ಮ ಮನೀನೋ, ಊರ ಖಾನಾವಳೀನೋ’ ಎಂದು ಕೇಳಿದ.

ತೊಳೆಯುವಾಗ ಒಂದು ದಿನ ಗಮನಿಸಿದೆ. ಜೋನ್ ಕಳಿಸಿದ ಒಂದು ಪಾತ್ರೆಯ ತಳದಲ್ಲಿ ಪಟ್ಟಿ ಅಂಟಿಸಿ ಈಡ್ನಾ ಎಂದು ಬರೆದಿತ್ತು. ಯಾರೆಂದು ಕೇಳಿದರೆ ಅವಳ ಅತ್ತೆಯಂತೆ, ತೀರಿಕೊಂಡು ಎಷ್ಟೋ ಕಾಲವಾಗಿದೆ. ಆದರೂ ಪಾತ್ರೆ ಈಡ್ನಾಳದೇ. ನಮ್ಮ ಹುಬ್ಬಳ್ಳಿಯ ಭಾಂಡೆ ಅಂಗಡಿಯವರು ಟಕಟಕನೆ ಪಾತ್ರೆಗೆ ಹೆಸರು ಕೊರೆದು ಕೊಡುತ್ತಿದ್ದದ್ದು ನೆನಪಾಗಿ ನನಗೆ ನಗು ಬಂತು. ಸಾವಿರಾರು ಮೈಲಿ ದೂರದ ಈ ಹೆಂಗಸರಿಗೂ ಅದೇ ಚಾಳಿ!

ಅಂದಿನಿಂದ ಜೋನ್ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಊರು ತೋರಿಸತೊಡಗಿದಳು. ನನ್ನ ಇಂಗ್ಲಿಷ್ ನಿನಗೆ ಗೊತ್ತು, ಅವಳ ಇಂಗ್ಲಿಷ್ ಅದಕ್ಕಿಂತ ಕಷ್ಟ, ಅರ್ಧ ಮೂಗಿನಲ್ಲೇ ಉಳಿಯುತ್ತದೆ. ಆದರೂ ತಿಳಿಯಿತು. ರೈಲು ಬಂದಾಗ ಹುಟ್ಟಿದ ಊರಂತೆ ಇದು. ಈಗ ಸ್ಟೇಷನ್ನಿನಲ್ಲಿ ಜನ ಇಳಿಯುವುದಿಲ್ಲ, ಗೋಧಿ ಹತ್ತುತ್ತದೆ ಅಷ್ಟೇ. ಬ್ಯಾಂಕಿದ್ದ ಕಟ್ಟಡದಲ್ಲಿ ಯಾರದೋ ಸಂಸಾರ, ಹಣ ಇಡುತ್ತಿದ್ದ ಕಬ್ಬಿಣದ ಕೋಣೆಯಲ್ಲಿ ಅವರು ಆಲೂಗಡ್ಡೆ ಇಡುತ್ತಾರೆ. ಫುಟ್ಬಾಲ್ ತಂಡಕ್ಕೆ ಹುಡುಗರು ಸಾಲದೆ ಪಕ್ಕದ ಊರಿನೊಂದಿಗೆ ಸೇರಿಸಿದ್ದಾರೆ, ಆ ಊರಿನವರನ್ನು ಬೈಯುವುದನ್ನು ಮಾತ್ರ ಬಿಟ್ಟಿಲ್ಲ. ರೈತರೇ ಮರ ಕಡಿದು ಕಟ್ಟಿದ ಸಭಾಭವನವೊಂದೇ ಗಟ್ಟಿಯಾಗಿ ನಿಂತಿದೆ. ಮದುವೆ, ಮಣ್ಣು, ಮತದಾನ ಎಲ್ಲ ಅಲ್ಲೇ. ನಿವೇದಿತಾ ಬರುವ ಮೊದಲು ಔಷಧದ ಅಂಗಡಿಗೂ ಬೀಗ ಬಿದ್ದಿತ್ತಂತೆ, ಬಿಪಿ ಮಾತ್ರೆಗೆ ಜನ ಒಂದು ತಾಸು ಕಾರು ಓಡಿಸುತ್ತಿದ್ದರಂತೆ. ಅವಳು ಬಾಗಿಲು ತೆರೆದ ದಿನ ಕಾಯಿಲೆ ಇಲ್ಲದವರೂ ಬಂದು ಸಾಲುಗಟ್ಟಿ ನಿಂತಿದ್ದರು ಎಂದು ಜೋನ್ ಹೇಳಿದಳು. ಹೇಳಿ, ಕಾರು ನಿಲ್ಲಿಸಿ, ನಾನು ಅವರನ್ನು ಕರೆದುಕೊಂಡು ಹೋಗಲು ಬಂದಿರುವುದು ನಿಜವೇ ಎಂದು ಕೇಳಿದಳು. ಸಣ್ಣ ಊರಿನಲ್ಲಿ ಗುಟ್ಟು ಎಲ್ಲಿ ಉಳಿಯುತ್ತದೆ? ನಾನು ಕಿಟಕಿಯಾಚೆ ಕುರಿ ನೋಡುತ್ತ ಕೂತೆ.

ಈಗ ನಿನ್ನೆಯ ಸುದ್ದಿ. ವರ್ಷಕ್ಕೊಮ್ಮೆ ಸಭಾಭವನದಲ್ಲಿ ಊರೂಟ. ಊರು ಬಿಟ್ಟು ಮೆಲ್ಬರ್ನಿನಲ್ಲಿ, ಸಿಡ್ನಿಯಲ್ಲಿ ನೆಲೆಸಿದವರೂ ಅವತ್ತು ಬರುತ್ತಾರೆ. ಈ ನೆಲದ ಮೂಲ ಜನರನ್ನು ನೆನೆದು ಊಟ ಶುರು, ಮನೆಗೊಂದು ಅಡುಗೆ. ನಾನು ಶೇಂಗಾ ಹೋಳಿಗೆ ಮಾಡಿದ್ದೆ. ಶೇಂಗಾ ಕೆಲವರ ಮೈಗೆ ಒಗ್ಗುವುದಿಲ್ಲ ಎಂದು ನಿವೇದಿತಾ ಮುಚ್ಚಳದ ಮೇಲೆ ಔಷಧದ ಬಾಟಲಿಗೆ ಹಚ್ಚುವಂಥ ಚೀಟಿ ಹಚ್ಚಿದಳು. ಇದ್ದಬದ್ದ ಡಬ್ಬಿಗಳೆಲ್ಲ ಊರಿನಲ್ಲಿ ತಿರುಗಾಡುತ್ತಿದ್ದುದರಿಂದ ಉಳಿದದ್ದು ಒಂದೇ, ನಾನು ಚಟ್ನಿಪುಡಿ ತುಂಬಿ ತಂದಿದ್ದ ನನ್ನವ್ವನ ಸ್ಟೀಲ್ ಡಬ್ಬಿ. ಹೌದು ಮಾರಾಯ್ತಿ, ನಿನಗೆಂದು ಎತ್ತಿಟ್ಟದ್ದೇ. ಬೈಯಬೇಡ, ಮುಂದೆ ಓದು.

ಊಟವಾದ ಮೇಲೆ ಇಲ್ಲೊಂದು ಪದ್ಧತಿ ಇದೆ. ಗಂಡಸರು ಪಾತ್ರೆಗಳನ್ನೆಲ್ಲ ತೊಳೆದು ಉದ್ದನೆಯ ಮೇಜಿನ ಮೇಲೆ ಬೋರಲು ಹಾಕುತ್ತಾರೆ. ಊರಿನ ಹಿರಿಯ ಹೆಂಗಸು, ಈಗ ಜೋನ್, ಒಂದೊಂದನ್ನೇ ಎತ್ತಿ ತಳದ ಹೆಸರನ್ನು ಜೋರಾಗಿ ಓದಿ ಇದ್ದೀರಾ ಎಂದು ಕೇಳುತ್ತಾಳೆ. ಆ ಮನೆಯವರು ‘ಇದ್ದೇವೆ’ ಎಂದು ಎದ್ದು ಪಾತ್ರೆ ತೆಗೆದುಕೊಳ್ಳಬೇಕು. ಆ ಮನೆಯವರು ಯಾರೂ ಉಳಿದಿಲ್ಲವಾದರೆ ಪಾತ್ರೆ ಸಭಾಭವನದ ಕಪಾಟು ಸೇರುತ್ತದೆ. ಆ ಕಪಾಟು ಬಹುತೇಕ ತುಂಬಿದೆ.

ಜೋನ್ ನನ್ನವ್ವನ ಡಬ್ಬಿ ಎತ್ತಿದಳು. ಹೀಗೆ ತಿರುಗಿಸಿದಳು, ಹಾಗೆ ತಿರುಗಿಸಿದಳು, ಕನ್ನಡಕ ಹಣೆಗೇರಿಸಿದಳು. ಕೊರೆದ ಕನ್ನಡ ಅಕ್ಷರ ಅವಳೇನು ಓದಿಯಾಳು? ನಾನು ಏಳಬೇಕಿತ್ತು, ಅಷ್ಟು ಜನರೆದುರು ನಾಚಿ ಕೂತೇ ಇದ್ದೆ. ಎದ್ದವಳು ಅನಘಾ. ಏನು ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರಿಸುವ ಹುಡುಗಿ, ನಾನು ಅಕ್ಷರ ತಿದ್ದಿಸಲು ಕೂತರೆ ಆಕಳಿಸುವ ಹುಡುಗಿ, ಮುಂದೆ ಹೋಗಿ ತಳದ ಮೇಲೆ ಬೆರಳಿಟ್ಟು ತಡವರಿಸುತ್ತ ‘ಮಲ್ಲವ್ವ’ ಎಂದು ಓದಿದಳು. ನಮ್ಮಜ್ಜಿಯ ಅವ್ವ ಎಂದು ಇಂಗ್ಲಿಷಿನಲ್ಲಿ ತಿಳಿಸಿದಳು. ನವಲಗುಂದದ ಆಚೆಗೆ ಕಾಲಿಡದ ನನ್ನವ್ವನ ಹೆಸರು ಆ ಭವನದಲ್ಲಿ ಕೇಳಿಸಿತು.

ಜೋನ್ ಮಗುವನ್ನು ಬಿಟ್ಟು ನೇರ ನನ್ನನ್ನೇ ನೋಡಿದಳು. ಮಲ್ಲವ್ವನ ಮನೆಯವರು ಇದ್ದೀರಾ ಎಂದು ಕೇಳಿದಳು. ಬೇರೆಯವರನ್ನು ಕೇಳಿದಂತೆಯೇ ಕೇಳಿದಳು, ಆದರೆ ಊರಿಗೆ ಊರೇ ತಿರುಗಿ ಕೂತಿತ್ತು. ಕಿರಣ ತಲೆ ತಗ್ಗಿಸಿದ. ನಿವೇದಿತಾ ಸೆರಗಿನ ತುದಿ ಹಿಡಿದಿದ್ದಳು, ಹಬ್ಬವೆಂದು ಇಳಕಲ್ ಸೀರೆ ಉಟ್ಟಿದ್ದಳು ಪಾಪ. ನನಗೆ ಇಂಗ್ಲಿಷ್ ಒಂದಕ್ಷರ ನೆನಪಾಗಲಿಲ್ಲ. ಎದ್ದು ನಿಂತು, ಸಾಲಿಯ ಹಿಂದಿನ ಬೆಂಚಿಗೂ ಮುಟ್ಟುವ ದನಿಯಲ್ಲಿ, ‘ಅದೀವಿ! ಇಲ್ಲೇ ಅದೀವಿ!’ ಎಂದುಬಿಟ್ಟೆ.

ಯಾರೂ ಅರ್ಥ ಕೇಳಲಿಲ್ಲ. ಏನು ಚಪ್ಪಾಳೆ, ಏನು ಶಿಳ್ಳೆ! ಬೆಂಕಿ ದಳದ ಕ್ಯಾಪ್ಟನ್ ಮೇಜು ಗುದ್ದಿದ. ನಾನು ಅತ್ತುಬಿಟ್ಟೆ ಮಾಧುರಿ, ಖುಷಿಗೇ ಅತ್ತುಬಿಟ್ಟೆ. ಜೋನ್ ಡಬ್ಬಿ ಕೊಡಲು ಬಂದವಳು ನಡುವೆ ನಿಂತು, ಅದರಲ್ಲಿ ಉಳಿದ ಕೇಕ್ ತುಂಬಿ, ಮುಚ್ಚಳ ಹಾಕಿ ನನ್ನ ಕೈಗಿಟ್ಟಳು.

ನಿನ್ನ ಮನೆಯಲ್ಲಿ ನನಗೆ ಯಾವ ಕೊರತೆಯೂ ಇರಲಿಲ್ಲ, ಮಗಳೇ. ಆದರೆ ನೀವೆಲ್ಲ ಕೆಲಸಕ್ಕೆ ಹೋದ ಮೇಲೆ ಪಕ್ಕದ ಮನೆಯ ಗ್ಯಾರೇಜ್ ಬಾಗಿಲು ಏಳುವುದನ್ನೂ ಇಳಿಯುವುದನ್ನೂ ಕೇಳುತ್ತ ಕೂರುತ್ತಿದ್ದೆ. ಆ ಮನೆಯಲ್ಲಿ ಯಾರಿದ್ದಾರೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಇಲ್ಲಿಯ ಚಳಿ ನನ್ನ ಮೊಣಕಾಲಿಗೆ ಆಗದು, ಚಳಿ ಶುರುವಾಗುವ ಜೂನ್ ಬಂತೆಂದರೆ ನಿನ್ನ ಹತ್ತಿರವೇ ಇರುತ್ತೇನೆ, ಮಾತು ಕೊಟ್ಟೆ. ಹಿಂದಿನ ಬೀದಿಯ ಮನೆಯನ್ನು ಬೇರೆ ಯಾರಿಗಾದರೂ ಬಿಟ್ಟುಕೊಡು. ಡಬ್ಬಿ ನಿನ್ನದೇ, ಆದರೆ ಪೋಸ್ಟಿನಲ್ಲಿ ಕಳಿಸುವುದಿಲ್ಲ. ದೀಪಾವಳಿಗೆ ನೀವೇ ಬಂದು ತುಂಬಿಸಿಕೊಂಡು ಹೋಗಿ.

ಅಳಿಯಂದಿರಿಗೆ ನನ್ನ ನೆನಪು ಹೇಳು.

ಊರ ಪಾತ್ರೆಗಳ ನಡುವೆ ಸಿಕ್ಕಿಬಿದ್ದಿರುವ
ನಿನ್ನ ಅವ್ವ,
ಅನ್ನಪೂರ್ಣವ್ವ

ತಾ.ಕ.: ಕಿರಣ ಏನೆಂದ ಎಂಬುದನ್ನು ಬರೆಯಲೇ ಇಲ್ಲ, ನೋಡು. ನಾನು ಬಂದ ದಿನವೇ ಕೇಳಿದ್ದೆ. ‘ನೀ ಹೆಂಗ ಹೇಳ್ತಿ ಹಂಗ, ಅವ್ವಾ’ ಎಂದು ಒಂದೇ ಮಾತಿಗೆ ಒಪ್ಪಿಕೊಂಡ. ನಿವೇದಿತಾ ಕೂಡ ಹೂಂ ಎಂದಳು, ಎಂದವಳು ಒಳಗೆ ಹೋಗಿ ತೊಳೆದ ಲೋಟವನ್ನೇ ಮತ್ತೆ ಮತ್ತೆ ತೊಳೆಯುತ್ತ ನಿಂತಳು. ಅವರು ಬರಲು ಒಪ್ಪಿದ್ದರು, ಮಾಧುರಿ. ಒಲ್ಲೆ ಎಂದವಳು ನಾನು.